ತೆಕ್ಲಾ ಬಡಿಸಿಟ್ಟ ಹೆಚ್ಚುವರಿ ತಟ್ಟೆ

ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ೧೯೪೬ರ ಕ್ರಿಸ್‌ಮಸ್ ಹಿಂದಿನ ಸಂಜೆ. ಯುದ್ಧ ಮುಗಿದ ಮೇಲೆ ಜರ್ಮನರನ್ನು ತೆರವುಗೊಳಿಸಿ ಪೋಲೆಂಡಿನವರಾದ ನಮಗೆ ತಾತ್ಕಾಲಿಕವಾಗಿ ಕೊಟ್ಟಿದ್ದ, ಜರ್ಮನಿಯೊಳಗಿನ ಮಾಚ್ಕೂಫ್ ಊರಿನ ಮನೆ. ಬಾರದ ಅತಿಥಿಗೆಂದು ತಂಗಿ ತೆಕ್ಲಾ ನಮ್ಮ ಹಬ್ಬದ ವಾಡಿಕೆಯಂತೆ ಒಂದು ತಟ್ಟೆ ಹೆಚ್ಚಿಗೆ ಇಟ್ಟಳು. ಯುದ್ಧದಲ್ಲಿ ಕಾಣೆಯಾದ ಗಂಡ ಝೆನೋನ್ ಬದುಕಿದ್ದಾನೆಂಬ ನಂಬಿಕೆ ಅವಳದು.

“ಅಣ್ಣಾ, ಸಾರೂ ಬಡಿಸ್ಲಾ?”

“ಬಡಿಸಮ್ಮಾ. ಆ ಹೊಟ್ಟೆಬಾಕ ವಾಸನೆ ಹಿಡ್ಕೊಂಡೇ ಬರ್ತಾನೆ!”

ಪ್ರಾರ್ಥನೆ ಮುಗಿಸಿ ಕಣ್ತೆರೆದಾಗ ನಮ್ಮ ಸಾರು ಹಬೆಯಾಡುತ್ತಿತ್ತು. ಆ ಹೆಚ್ಚುವರಿ ತಟ್ಟೆಯ ಸಾರಿನ ಮೇಲೆ ಹಿಮದ ಪೊರೆ ಕಟ್ಟಿತ್ತು. ಖಾಲಿ ಕುರ್ಚಿ, ಯಾರೋ ಕೂತಂತೆ, ಕಿರುಗುಟ್ಟಿತು.

“ಅವ್ರು ಸತ್ತೋದ್ರಾ, ಅಣ್ಣಾ?”

“ಇಲ್ಲಮ್ಮಾ. ಈ ಮನೆಯೋರೇ ಯಾರೋ ತೀರ್ಕೊಂಡೋರು ಬಂದಿದ್ದಾರೆ,” ಎಂದು ದೃಢವಾಗಿ ಹೇಳಿದೆ.

ಝೆನೋನ್ ಮುಂದಿನ ಮಾರ್ಚ್ ತಿಂಗಳಲ್ಲಿ ಜೀವಂತವಾಗಿ ಮರಳಿದ. ನನ್ನ ಮಾತು ನಿಜವಾಯಿತೆಂದು ಹೆಮ್ಮೆಪಟ್ಟೆ. ೧೯೪೮ರಲ್ಲಿ ಊರು ಮತ್ತೆ ಜರ್ಮನರ ಪಾಲಾಗಿ, ಜರ್ಮನ್ ಯಜಮಾನಿಗೆ ಮನೆ ಒಪ್ಪಿಸುವಾಗ, ಅವಳ ಮೃತರಿಗೆ ಸದ್ಗತಿ ಕೋರಿದೆ.

ಅವಳು ಬೆರಗಾಗಿ ನೋಡಿದಳು. “ಯಾರಿಗೆ, ಸ್ವಾಮಿ? ಈ ಮನೆ ಕಟ್ಟಿಸಿದೋಳೇ ನಾನು. ನಮ್ಮೋರೆಲ್ಲ ಬದುಕಿದ್ದಾರಲ್ಲ!”