ನೀ ತಂದ ಗಂಗೆ

"ಏನ್ ಮೇಡಂ, ಇದ್ಯಾವ ದೇಸದ ನೀರು? ಕುಡುದ್ರೆ ನಮ್ಮ ಎಸ್ರು ಬದ್ಲಾಯ್ತದಾ?"

ಊರ ಬಾಗಿಲಿಗೆ ಅಡ್ಡಲಾಗಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ಸ್ಟೇರಿಂಗಿನ ಮೇಲೆ ಕೈ ಚಾಚಿ ಕೂತಿದ್ದ ಅವನು. ಕಣ್ಣು ಕೆಂಪಗಿದ್ದವು. ಕುಡಿದ ಕಣ್ಣಲ್ಲ, ನಿದ್ದೆಗೆಟ್ಟ ಕಣ್ಣು.

ವೀಣ ಜೀಪಿನಿಂದ ಕೆಳಗಿಳಿದಳು. ಮೊಣಕಾಲವರೆಗೂ ಕೆಸರು. ಜೀಪಿನ ಹಿಂದೆ ಕಟ್ಟಿಕೊಂಡು ಬಂದ ಗಾಡಿಯಲ್ಲಿ ನೀರು ಶುದ್ಧ ಮಾಡುವ ಮಿಷಿನ್ನು, ಅದರ ಪಕ್ಕ ಒಂದು ಬಿಳಿ ತೊಟ್ಟಿ. ತೊಟ್ಟಿಯ ಮೇಲೆ ನೀಲಿ ಶಿಲುಬೆ, ಅದರ ಕೆಳಗೆ ಸಮುದ್ರದಾಚೆಯ ಯಾವುದೋ ಚರ್ಚಿನ ಹೆಸರು. ಅವನ ಕಣ್ಣು ನೆಟ್ಟಿದ್ದು ಆ ಶಿಲುಬೆಯ ಮೇಲೆಯೇ.

ಅವನ ಸಿಟ್ಟಿಗೂ ಕಾರಣವಿತ್ತು. ಶಿಂಷಾ ಹೊಳೆ ಉಕ್ಕಿ ಮದ್ದೂರಿನಾಚೆಯ ಆ ಊರೊಳಕ್ಕೆ ನುಗ್ಗಿ ಹೋಗಿತ್ತು. ಬಾವಿಗೆ ಚರಂಡಿ ಸೇರಿ ಮನೆಮನೆಯಲ್ಲೂ ವಾಂತಿ ಭೇದಿ. ನೋಡಲು ಬಂದವರೆಲ್ಲ ಬಾಳೆಹಣ್ಣು ಕೊಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದರು. ಒಂದೊಂದು ಹಣ್ಣಿಗೂ ಐದಾರು ಕೈ! ಕುಡಿಯುವ ನೀರಿನ ಮಾತು ಯಾವ ನಾಲಿಗೆಯಲ್ಲೂ ಬಂದಿರಲಿಲ್ಲ.

ವೀಣ ಜಗಳಕ್ಕೆ ಹೋಗಲಿಲ್ಲ. ಮಿಷಿನ್ನಿನ ನೀರು ತುಂಬಿಕೊಂಡಿದ್ದ ಬಾಟಲಿ ತೆಗೆದು, ಅವನೆದುರೇ ಅರ್ಧ ಕುಡಿದಳು.

"ಹುಟ್ಟಿದಾಗಿನಿಂದ ಚರ್ಚಿನ ನೀರೇ ಕುಡ್ಕೊಂಡು ಬೆಳೆದವಳು ನಾನು. ನನ್ನ ಹೆಸರು ಇನ್ನೂ ವೀಣ ಅಂತಲೇ ಇದೆ. ನಿಮ್ಮ ಮನೇಲಿ ಯಾರಿಗೆ ಹುಷಾರಿಲ್ಲ?"

ಅವನ ಮುಖ ಒಂದು ಗಳಿಗೆ ಬಿಚ್ಚಿಕೊಂಡಿತು. ತಾನು ಹೇಳದೇ ಇದ್ದದ್ದು ಇವಳಿಗೆ ಹೇಗೆ ಗೊತ್ತಾಯಿತು...

"ಅಜ್ಜಿಗೆ," ಅಂದ. ಅಷ್ಟೇ. ಟ್ರ್ಯಾಕ್ಟರ್ ಪಕ್ಕಕ್ಕೆ ಸರಿಯಿತು.

ಅವನ ಹೆಸರು ಯತೀಶ್. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವಳು ಅಜ್ಜಿ ಹೊಂಬಾಳಮ್ಮ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ.

ಆ ದಿನ ವೀಣ ಹೊಂಬಾಳಮ್ಮನ ಹಾಸಿಗೆಯ ಪಕ್ಕ ಕೂತು, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚ ಚಮಚವಾಗಿ ಕುಡಿಸಿದಳು. ಮುದುಕಿ ಕಕ್ಕಿದಳು. ವೀಣ ಬಾಯಿ ಒರೆಸಿ ಮತ್ತೆ ಕುಡಿಸಿದಳು. ಯತೀಶ್ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಮಾರನೇ ಬೆಳಿಗ್ಗೆ ವೀಣ ಬರುವಷ್ಟರಲ್ಲಿ ಅರಳಿಕಟ್ಟೆಯ ಪಕ್ಕ ಮಿಷಿನ್ನು ಇಡಲು ಜಾಗ ಗುಡಿಸಿಯಾಗಿತ್ತು. ದಿಬ್ಬದ ಮೇಲಿನ ತೋಟದ ಬೋರಿನಿಂದ ಟ್ಯಾಂಕರಿನಲ್ಲಿ ನೀರು ತಂದು ಸುರಿಯುವ ಕೆಲಸವನ್ನು ಅವನೇ ಮೈಮೇಲೆ ಹಾಕಿಕೊಂಡಿದ್ದ.

'ಇವನ ಬಾಯಿಗೆ ಬೇಲಿ ಇಲ್ಲ... ಆದರೆ ಕೈಗೆ ಬಿಡುವೂ ಇಲ್ಲ,' ಅಂದುಕೊಂಡಳು ವೀಣ.

ಊರಿನಲ್ಲಿ ಗುಸುಗುಸು ಇದ್ದೇ ಇತ್ತು. ವೀಣಳ ಮನೆಯವರು ಅಜ್ಜನ ಕಾಲದಿಂದ ಕ್ರೈಸ್ತರು. ತಂದೆ ಜಯಪ್ರಕಾಶ್ ಮಂಡ್ಯದಲ್ಲಿ ಕಾಂಪೌಂಡರ್ ಆಗಿದ್ದವರು. ಅವಳು ಕೆಲಸ ಮಾಡುತ್ತಿದ್ದ ಸೇವಾಸಂಸ್ಥೆ ನಡೆಯುತ್ತಿದ್ದದ್ದೇ ಹೊರದೇಶದ ಚರ್ಚುಗಳ ಕಾಣಿಕೆಯಿಂದ. ಹಾಗಾಗಿ ನೀರಿನ ಹಿಂದೆಯೇ ಬೈಬಲ್ಲೂ ಬರುತ್ತದೆ ಎಂದು ಕೆಲವರು ಕಾದರು. ಬಂದದ್ದು ಕ್ಲೋರಿನ್ ಮಾತ್ರೆ, ಭೇದಿಯ ಔಷಧಿ, ಬಾವಿ ತೊಳೆಯುವ ಪಂಪು. ಕಾದವರಿಗೆ ಬೇಜಾರೇ ಆಯಿತು.

ಮಧ್ಯಾಹ್ನದ ಹೊತ್ತು ಹೊಂಬಾಳಮ್ಮನ ಮನೆಯಿಂದ ಮುದ್ದೆ, ಉಪ್ಸಾರು ಬರುತ್ತಿತ್ತು. ಯತೀಶನೇ ತರುತ್ತಿದ್ದ. ತೊಟ್ಟಿಯ ನೆರಳಲ್ಲಿ ಕೂತು ಇಬ್ಬರೂ ಉಣ್ಣುವಾಗ ಅವನು ಊರಿನ ಒಬ್ಬೊಬ್ಬರನ್ನೂ ಬೈಯುತ್ತಿದ್ದ. ವೀಣ ತುಟಿ ಬಿಗಿಹಿಡಿದು ಕೇಳುತ್ತಿದ್ದಳು. ನಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮೊದಲ ವಾರವೇ ಊರು ಒಂದು ಎಳೆಗೂಸನ್ನು ಕಳೆದುಕೊಂಡಿತ್ತು. ಅದು ಅವಳ ಮಡಿಲಲ್ಲೇ ತಣ್ಣಗಾಗಿತ್ತು.

ಒಂದು ಶುಕ್ರವಾರ ಹೊಂಬಾಳಮ್ಮ ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಅರಳಿಕಟ್ಟೆಗೆ ಬಂದಳು. ಹಿಂದೆ ಹತ್ತಾರು ಹೆಂಗಸರು, ಕೈಯಲ್ಲಿ ಅರಿಸಿನ ಕುಂಕುಮ, ದಾಸವಾಳ, ತೆಂಗಿನಕಾಯಿ. ವೀಣ ಏನೆಂದು ಕೇಳುವುದರೊಳಗೆ ಮಿಷಿನ್ನಿನ ನಲ್ಲಿಗೆ ಅರಿಸಿನ ಮೆತ್ತಿಯಾಗಿತ್ತು. ತೊಟ್ಟಿಯ ಮೇಲಿನ ನೀಲಿ ಶಿಲುಬೆಗೂ ಮೂರು ಬೆರಳಿನ ಕುಂಕುಮ! ಹೊಸದಾಗಿ ನೀರು ಬಂದ ಕಡೆ ಗಂಗಮ್ಮನಿಗೆ ಪೂಜೆ ಮಾಡದೆ ಬಿಡುವುದುಂಟೇ? ನೀರು ಯಾವ ದೇಶದ್ದಾದರೇನು!

ಹೊಂಬಾಳಮ್ಮ ಕಾಯಿ ತಂದು ವೀಣಳ ಕೈಗಿಟ್ಟಳು.

ವೀಣ ಹಿಂದೆ ಸರಿದಳು. ಅವಳ ಮನೆಯಲ್ಲಿ ಕಾಯಿ ಸಾರಿಗೆ ಒಡೆಯುತ್ತಿದ್ದರೇ ಹೊರತು ದೇವರಿಗಲ್ಲ.

"ಅಜ್ಜಿ, ನಾನು ಇದನ್ನೆಲ್ಲ ಮಾಡೋಳಲ್ಲ..."

"ನೀ ಯಾವ್ ದೇವ್ರಿಗಾರ ಕೈ ಮುಗ್ಕೊ ಕಣವ್ವ, ನಾ ಕೇಳಾಕಿಲ್ಲ. ಇದು ನೀ ತಂದ ಗಂಗೆ. ಬೇರೇರು ಒಡುದ್ರೆ ಒಪ್ಪಾಕಿಲ್ಲ."

ಆ ಸುಕ್ಕುಗಟ್ಟಿದ ಕೈಯಲ್ಲಿ ಜೀವ ತುಂಬಿಕೊಂಡು ಬಂದಿತ್ತು. ಅದನ್ನು ನೋಡುತ್ತಾ ವೀಣಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಕಲ್ಲಿಗೆ ಕಾಯಿ ಕುಕ್ಕಿದಳು. ಅಭ್ಯಾಸವಿಲ್ಲದ ಕೈ! ಕಾಯಿ ವಾರೆಯಾಗಿ ಒಡೆದು ಕಾಯಿನೀರೆಲ್ಲ ಅವಳ ಮುಖಕ್ಕೇ ಚಿಮ್ಮಿತು. ಹೆಂಗಸರೆಲ್ಲ ಗೊಳ್ಳೆಂದರು. ವೀಣಳಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

ನಗುತ್ತಲೇ ತಲೆಯೆತ್ತಿದಾಗ ಟ್ರ್ಯಾಕ್ಟರಿನ ಮೇಲೆ ಯತೀಶ್ ಮೊಬೈಲು ಹಿಡಿದು ನಿಂತಿದ್ದ. ಅವಳನ್ನೇ ನೋಡುತ್ತಿದ್ದ. ವೀಣಳ ಎದೆ ಯಾಕೋ ಒಮ್ಮೆ ಹಾರಿತು...

ಎರಡು ದಿನ ಕಳೆಯುವುದರೊಳಗೆ ಆ ನಗು ಬೆಂಕಿಯಾಯಿತು.

ಕಾಯಿ ಒಡೆದ ವಿಡಿಯೋ ಒಂದೇ. ಬಾಯಿ ಮಾತ್ರ ಎರಡು. ಮದ್ದೂರು, ಮಳವಳ್ಳಿಯ ಹುಡುಗರ ಮೊಬೈಲುಗಳಲ್ಲಿ ಅದು 'ನೀರಿನ ಆಸೆ ತೋರಿಸಿ ಶಿಲುಬೆ ಪೂಜೆ ಮಾಡಿಸುತ್ತಿದ್ದಾರೆ' ಎಂದು ಓಡಾಡಿತು. ಮಂಡ್ಯದಲ್ಲಿ ವೀಣಳ ಚರ್ಚಿನ ಸಭೆಯವರ ಮೊಬೈಲ್ ಗುಂಪಿನಲ್ಲಿ ಅದೇ ವಿಡಿಯೋ 'ನಮ್ಮ ಹುಡುಗಿ ವಿಗ್ರಹಾರಾಧನೆಗೆ ಕಾಯಿ ಒಡೆದಳು' ಎಂದು ಬಂತು. ಭೇದಿ ಹತ್ತಿ ಸಾಯುತ್ತಿದ್ದಾಗ ಈ ಊರು ಎಲ್ಲಿದೆ ಅಂತ ಕೇಳದವರೆಲ್ಲ ಈಗ ದಾರಿ ತಿಳಿದುಕೊಂಡರು.

ಬೈಕುಗಳಲ್ಲಿ ಹುಡುಗರು ಬಂದು ಮಿಷಿನ್ನಿನ ನಲ್ಲಿಗೆ ಕಬ್ಬಿಣದ ತಂತಿ ಸುತ್ತಿ ಬಿಗಿದು ಹೋದರು. ಅತ್ತ ಸಂಸ್ಥೆಯ ಡೈರೆಕ್ಟರು ವೀಣಳನ್ನು ಕರೆಸಿ ಕೂರಿಸಿದರು. ಹೊರದೇಶದವರಿಗೂ ವಿಡಿಯೋ ಮುಟ್ಟಿದೆಯೆಂದರು. ಶನಿವಾರ ಮಿಷಿನ್ನು ವಾಪಸ್ ತರಬೇಕು, ಭಾನುವಾರ ಅವಳು ಸಭೆಯ ಮುಂದೆ ನಿಂತು ಕ್ಷಮೆ ಕೇಳಬೇಕು, ಕೇಳಿದರೆ ಕೆಲಸ ಉಳಿಯುತ್ತದೆ ಎಂದರು. ಈ ಎರಡು ಕಡೆಯವರೂ ಜನ್ಮದಲ್ಲಿ ಒಂದು ಮಾತಿಗೆ ಒಪ್ಪಿದವರಲ್ಲ. ನೀರು ನಿಲ್ಲಿಸುವುದಕ್ಕೆ ಮಾತ್ರ ಒಪ್ಪಿದ್ದರು.

ಬಾವಿ ಇನ್ನೂ ತಿಳಿಯಾಗಿರಲಿಲ್ಲ. ಹೆಂಗಸರು ಮತ್ತೆ ಅದರಲ್ಲೇ ಸೇದತೊಡಗಿದರು.

ವೀಣ ನೇರ ತೋಟದ ಬೋರಿನ ಹತ್ತಿರ ಹೋದಳು. ಯತೀಶ್ ಖಾಲಿ ಟ್ಯಾಂಕರಿಗೆ ಒರಗಿ ಕೂತಿದ್ದ.

"ವಿಡಿಯೋ ತೆಗೆದದ್ದು ನೀವೇ ತಾನೆ?"

"ಊಂ." ಅವನು ತಲೆ ತಗ್ಗಿಸಿದ. "ಮೇಡಂ, ಅದು..."

"ಮೊದಲನೇ ದಿನವೇ ಹೆಸರು ಬದಲಾಗುತ್ತಾ ಅಂತ ಕೇಳಿದ್ರಿ. ನನ್ನ ಹೆಸರು ಕೆಡಿಸೋಕೆ ಕಾಯ್ತಾ ಇದ್ರಿ ಅಂತ ನನಗೆ ಗೊತ್ತಾಗಲಿಲ್ಲ. ನಿಮ್ಮನೆ ಅನ್ನ ತಿಂದೆನಲ್ಲ, ಅದಕ್ಕೇ ಹೊಟ್ಟೆ ಉರೀತಿದೆ."

ಮಾತಿಗೆ ಹತ್ತು ಮಾತು ಕೊಡುವ ಯತೀಶ್ ಅಂದು ಬಾಯಿ ಬಿಡಲಿಲ್ಲ. ಅದೇ ಅವಳನ್ನು ಇನ್ನಷ್ಟು ಸುಟ್ಟಿತು. ತಪ್ಪಿಲ್ಲದಿದ್ದರೆ ಬೈಯುತ್ತಿರಲಿಲ್ಲವೇ? ಬೈಯಬಾರದಿತ್ತೇ? ಬಸ್ಸಿನ ಕಿಟಕಿಗೆ ಮುಖ ಆನಿಸಿ ಮಂಡ್ಯದವರೆಗೂ ಅತ್ತಳು.

ಮನೆಯಲ್ಲಿ ಊಟಕ್ಕೆ ಕೂತಾಗ ಜಯಪ್ರಕಾಶ್ ಮಗಳ ತಟ್ಟೆಗೆ ತಾವೇ ಬಡಿಸಿದರು. ಸಭೆಯ ಹಿರಿಯರು ಅವರಿಗೂ ಫೋನು ಮಾಡಿದ್ದರು.

"ಕಾಯಿ ಒಡೆಯುವಾಗ ನಿನ್ನ ಮನಸ್ಸಿನಲ್ಲಿ ಏನಿತ್ತಮ್ಮ?"

"ಅಜ್ಜಿ ಬದುಕಿದರಲ್ಲ ಅಂತ... ಅಷ್ಟೇ ಅಪ್ಪಾಜಿ."

"ಹಾಗಾದರೆ ಭಾನುವಾರ ಏನಂತ ಕ್ಷಮೆ ಕೇಳ್ತೀಯ?"



ಶನಿವಾರ ಬೆಳಿಗ್ಗೆ ಸಂಸ್ಥೆಯ ವ್ಯಾನು ಊರಿಗೆ ಬಂದಾಗ ಡೈರೆಕ್ಟರ ಜೊತೆ ವೀಣಳೂ ಇದ್ದಳು. ಮಿಷಿನ್ನು ಹೋಗುವುದನ್ನು ಕಣ್ಣಾರೆ ನೋಡಿ ಖುಷಿಪಡಲು ಬೈಕಿನ ಹುಡುಗರೂ ಬಂದಿದ್ದರು. ಅವರ ಮುಂದಾಳು ಆ ಊರಿನವನೇ, ಚಲುವರಾಜು. ಅರಳಿಕಟ್ಟೆಯ ಸುತ್ತ ಊರು ಕೂಡಿತ್ತು. ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು.

ಮಿಷಿನ್ನಿನ ಮುಂದೆ ಅಡ್ಡಲಾಗಿ ಯತೀಶನ ಟ್ರ್ಯಾಕ್ಟರ್ ನಿಂತಿತ್ತು.

ಊರ ಯಜಮಾನ ಮರಿಸಿದ್ದಯ್ಯ ಅದನ್ನು ತೆಗೆಯಲು ಹೇಳಿದ. ಯತೀಶ್ ಕೆಳಗಿಳಿದ. ವೀಣಳ ಕಡೆ ನೋಡಲಿಲ್ಲ.

"ತೆಗೀತೀನಿ ಯಜಮಾನ್ರೆ. ಅದ್ಕೆ ಮುಂಚೆ ಒಂದ್ ಮಾತು. ವಿಡಿಯೋ ತೆಗ್ದೋನು ನಾನು. ನನ್ ಸ್ಟೇಟಸ್ಗೆ ಆಕ್ದೋನೂ ನಾನೇ. ಅಲ್ಲಿಂದ ಎತ್ಕೊಂಡು, ಇಲ್ಲದ್ದ ಬರ್ದು, ಊರೂರ್ಗೆ ಅಂಚ್ದೋನು ಈ ಚಲುವ. ಅಜ್ಜಿದೇನೂ ತಪ್ಪಿಲ್ಲ, ಈ ಮೇಡಮ್ದೂ ತಪ್ಪಿಲ್ಲ. ನನ್ನ ಏನ್ ಬೇಕಾರ ಮಾಡಿ. ನೀರ್ ತೆಗೀಬ್ಯಾಡಿ."

ಚಲುವರಾಜು ಏನೋ ಕೂಗಲು ಬಾಯಿ ತೆರೆದ. ಮರಿಸಿದ್ದಯ್ಯ ಕೈಯೆತ್ತಿ ತಡೆದ.

"ಅಲ್ಲ ಕಣ್ಲಾ, ಕಾಯಿ ಒಡ್ಯಾದ್ರಲ್ಲಿ ಏನದೆ? ನೀ ಯಾಕ್ಲಾ ಆಕ್ದೆ ಅದ್ನ?"

ಯತೀಶ್ ಈಗ ವೀಣಳ ಕಡೆ ನೋಡಿದ. ಇಡೀ ಊರು ಕಾಯುತ್ತಿತ್ತು.

"ಅವ್ರು ನಗ್ತಿದ್ರು," ಅಂದ. "ಈ ಊರ್ಗೆ ಬಂದ್ಮೇಲೆ ಒಂದ್ ಸಲಾನೂ ನಕ್ಕಿರ್ಲಿಲ್ಲ... ಅದ್ಕೆ ಆಕ್ದೆ."

ವೀಣ ತಲೆ ತಗ್ಗಿಸಿದಳು. 'ಇದನ್ನಾ ನಾನು ಅವತ್ತು ಕೇಳಿಸಿಕೊಳ್ಳದೆ ಹೊರಟು ಹೋದದ್ದು...'

ಆಗ ಕೊಡಗಳ ಸಾಲಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಚಲುವರಾಜುವಿನ ತಾಯಿ. ತನ್ನ ಕೊಡವನ್ನು ನಲ್ಲಿಯ ಕೆಳಗೆ ಕುಕ್ಕಿದಳು.

"ತಂತಿ ಕಟ್ಟ್ದೋನು ನೀನಲ್ವಾ? ನೀನೇ ಬಿಚ್ಚು. ನಿನ್ ಮಗಿಗೆ ನೆನ್ನೆಯಿಂದ ತಿರ್ಗ ಬೇದಿ ಅಚ್ಕೊಂಡದೆ. ಯಾವ್ ನೀರ್ ಕುಡ್ಸ್ಲಿ, ಏಳ್ಲಾ."

ಚಲುವರಾಜು ಸುತ್ತ ನೋಡಿದ. ಜೊತೆ ಬಂದಿದ್ದ ಹುಡುಗರು ಬೈಕಿನ ಕನ್ನಡಿ ಒರೆಸುತ್ತಿದ್ದರು. ಅವನು ಮೆಲ್ಲಗೆ ಬಂದು, ಕುಕ್ಕರಗಾಲಲ್ಲಿ ಕೂತು, ತಂತಿ ಬಿಚ್ಚತೊಡಗಿದ. ಬೆರಳು ಕುಯ್ದು ರಕ್ತ ಬಂತು. ಯಾರೂ ಅಯ್ಯೋ ಅನ್ನಲಿಲ್ಲ.

ವೀಣ ಡೈರೆಕ್ಟರ ಎದುರು ಹೋಗಿ ನಿಂತಳು.

"ಸರ್, ತಪ್ಪು ಅಂತ ನಿಮಗೆ ಅನ್ನಿಸಿದ್ರೆ ನನ್ನನ್ನು ತೆಗೀರಿ, ನೀರು ತೆಗೀಬೇಡಿ. ನಾಳೆ ಸಭೆ ಮುಂದೆ ನಿಲ್ತೀನಿ. ಕ್ಷಮೆ ಕೇಳಲ್ಲ. ಸಾಯ್ತಿದ್ದ ಒಬ್ಬ ಅಜ್ಜಿ ಬದುಕಿದ್ರು ಅಂತ ಸಾಕ್ಷಿ ಹೇಳ್ತೀನಿ."

ಡೈರೆಕ್ಟರು ಕೆಟ್ಟ ಮನುಷ್ಯರೇನಲ್ಲ, ಹೆದರಿದ ಮನುಷ್ಯರು. ತುಂಬುತ್ತಿದ್ದ ಕೊಡವನ್ನು ನೋಡಿದರು, ಶಿಲುಬೆಯ ಮೇಲೆ ಒಣಗಿದ್ದ ಕುಂಕುಮವನ್ನು ನೋಡಿದರು. ಬಾವಿ ತಿಳಿಯಾಗುವವರೆಗೆ ಮಿಷಿನ್ನು ಇಲ್ಲೇ ಇರಲಿ, ಆದರೆ ವೀಣಳ ವಿಷಯ ತಮ್ಮ ಕೈಯಲ್ಲಿಲ್ಲ ಎಂದರು. ವೀಣ ಕೊರಳಿನ ಗುರುತಿನ ಚೀಟಿ ಬಿಚ್ಚಿ ಅವರ ಕೈಗೆ ಕೊಟ್ಟಳು. ಖಾಲಿ ವ್ಯಾನಿನಲ್ಲಿ ಅವಳಿಗೆ ಜಾಗವಿತ್ತು. ಅವಳು ಹತ್ತಲಿಲ್ಲ.

ನಿಡಘಟ್ಟದ ಬಸ್ ಸ್ಟಾಪಿನವರೆಗೆ ಯತೀಶನ ಟ್ರ್ಯಾಕ್ಟರಿನಲ್ಲೇ ಬಂದಳು. ಹೆದ್ದಾರಿಯಲ್ಲಿ ಕಾರುಗಳು ಸುಯ್ಯೆಂದು ಹೋಗುತ್ತಿದ್ದವು. ಅವಳು ಅವನ ಕಡೆ ತಿರುಗಿದಳು.

"ನನ್ನ ಕೇಳದೆ ನನ್ನ ನಗುವನ್ನು ಊರಿಗೆಲ್ಲ ತೋರಿಸಿದ್ದು ತಪ್ಪೇ."

"ತಪ್ಪೇ," ಅಂದ ಯತೀಶ್. "ನಿಮ್ ಕೆಲ್ಸ ಓಯ್ತು ನನ್ನಿಂದ. ಬೈದ್ಬುಡಿ ಮೇಡಂ. ಸುಮ್ನಿದ್ರೆ ತಡ್ಕೊಳಕಾಗಕಿಲ್ಲ."

"ಕೆಲಸ ಇಲ್ಲದವಳು ಎಂಥ ಮೇಡಂ? ವೀಣ ಅನ್ನಿ."

ಅವನು ಅನ್ನಲಿಲ್ಲ. ಸೀಟಿನ ಪಕ್ಕದಿಂದ ನೀರಿನ ಬಾಟಲಿ ತೆಗೆದು ಅವಳ ಮುಂದೆ ಹಿಡಿದ. ಅವಳು ಅದನ್ನು ತಕ್ಷಣ ತೆಗೆದುಕೊಳ್ಳಲಿಲ್ಲ. ನಾಳೆ ಸಭೆ ಇದೆ. ಅಪ್ಪಾಜಿ ಇದ್ದಾರೆ. ಇವನ ಊರಿದೆ, ಆ ಬೈಕುಗಳಿವೆ. ಯಾವುದೂ ಮುಗಿದಿಲ್ಲ... ಆದರೂ ಆ ಒರಟು ಕೈ ಬಾಟಲಿಯನ್ನು ಹಿಡಿದೇ ಇತ್ತು.

"ಯತೀಶ್, ನಿಮ್ಮನೆ ನೀರು ಕುಡಿದರೆ ನನ್ನ ಹೆಸರು ಬದಲಾಗುತ್ತಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಕೆಂಪಾದ.

"ನಿಮ್ ಎಸ್ರು ನಿಮ್ದು, ನಿಮ್ ದೇವ್ರು ನಿಮ್ದು. ಬದ್ಲಾಯಿಸ್ತೀನಿ ಅಂತ ಯಾವನಾರ ಬಂದ್ರೆ ಟ್ರ್ಯಾಕ್ಟ್ರು ಅಡ್ಡ ನಿಲ್ಲುಸ್ತೀನಿ."

"ನಿಮ್ಮಜ್ಜಿನೇ ಬಂದ್ರೆ?"

"ಅಜ್ಜಿ ಮುಂದೆ ಟ್ರ್ಯಾಕ್ಟ್ರು ನಡ್ಯಾಕಿಲ್ಲ. ಅದ್ಕೆ ನೀವೇ ಬರ್ಬೇಕು... ವೀಣ."

ಅವಳು ನಕ್ಕಳು. ಕಾಯಿ ಒಡೆದ ದಿನದ ಹಾಗೆಯೇ, ಕಣ್ಣು ತುಂಬುವವರೆಗೂ. ಯತೀಶನ ಕೈ ತನಗೆ ತಾನೇ ಜೇಬಿನ ಮೊಬೈಲಿಗೆ ಹೋಯಿತು. ಅಲ್ಲೇ ತಡೆದು ವಾಪಸ್ ಬಂತು.

"ಬ್ಯಾಡ," ಅಂದ ಮೆಲ್ಲಗೆ. "ಈ ಸಲ ನಾನೊಬ್ನೇ ನೋಡ್ತೀನಿ."

ಮಂಡ್ಯದ ಬಸ್ಸು ಬಂದು ನಿಂತು ಹೊರಟಿತು. ವೀಣ ಅವನ ಕೈಯಿಂದ ಬಾಟಲಿ ತೆಗೆದುಕೊಂಡು ಅರ್ಧ ಕುಡಿದು, ಉಳಿದದ್ದನ್ನು ಅವನ ಕೈಗೆ ಕೊಟ್ಟಳು.