ಕುಂಕುಮ ಹಚ್ಚಿದ ಪಿಸ್ತೂಲು

ಹಳೆಯ ಜರ್ಮನ್ ಪಿಸ್ತೂಲುಗಳನ್ನು ಕೂಡಿಡುವುದು ನನ್ನ ಹುಚ್ಚು. ನಳಿಗೆ ಬೆಸೆದು ಮುಚ್ಚಿದ, ಇನ್ನೆಂದೂ ಸಿಡಿಯದವು. ಹೋದ ವರ್ಷ ಹೊಳಲೂರಿನ ಸಣ್ಣಮ್ಮನವರಿಂದ ಒಂದು ಲೂಗರ್ ಪಿಸ್ತೂಲು ತಂದೆ. ಅವರ ಮಾವ ಎರಡನೇ ಮಹಾಯುದ್ಧದಲ್ಲಿ ಮರಳುಗಾಡಿನಿಂದ ತಂದದ್ದಂತೆ.

“ಇದರ ಹಿಡಿ ಯಾವಾಗ್ಲೂ ಬೆಚ್ಚಗಿರುತ್ತೆ ಕಣ್ರೀ, ವಾಪಸ್ ಕೊಟ್ಬಿಡಿ,” ಎಂದಳು ನನ್ನ ಹೆಂಡತಿ ಪುಷ್ಪಾ.

“ನಿನ್ನ ಸಿಟ್ಟು ತಾಗಿರ್ಬೇಕು ಮಾರಾಯ್ತಿ,” ಎಂದು ನಕ್ಕೆ.

ಆಯುಧಪೂಜೆಯ ದಿನ, ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯಲ್ಲಿ, ಅದನ್ನೂ ಸ್ಪ್ಯಾನರು, ಕತ್ತಿಗಳ ಜೊತೆ ಇಟ್ಟು ಹಿಡಿಯ ತುಂಬ ಕುಂಕುಮ ಹಚ್ಚಿದೆ. ಪೂಜೆಗಿಟ್ಟದ್ದನ್ನು ಮರುದಿನ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಮಧ್ಯಾಹ್ನವಿಡೀ ಆ ಕೋಣೆಯಿಂದ ಕಾದ ಮರಳಿನ ವಾಸನೆ ಬರುತ್ತಿತ್ತು.

ಬೆಳಿಗ್ಗೆ ನೋಡಿದರೆ ಕುಂಕುಮದ ಮೇಲೆ ಯಾರೋ ಹಿಡಿದೆತ್ತಿದ ಬೆರಳ ಗುರುತು. ಎಡಗೈಯದು. ಮನೆಯಲ್ಲಿರುವುದು ನಾವಿಬ್ಬರೇ, ಇಬ್ಬರೂ ಎಡಚರಲ್ಲ.

ಅಂಗಳಕ್ಕೆ ಓಡಿದೆ. ಪುಷ್ಪಾ ರಂಗೋಲಿ ಇಡುತ್ತಿದ್ದಳು.

“ಇವತ್ತೇ ಅದನ್ನ ಹೊಳಲೂರಿಗೆ ಹೋಗಿ ಕೊಟ್ಟು ಬರ್ತೀನಿ ಕಣೇ.”

“ಬೇಡ, ಇರ್ಲಿ ಬಿಡಿ. ಪಾಪ, ಎಲ್ಲಿಗೆ ಹೋಗುತ್ತೆ?” ಎಂದಳು ತಲೆ ಎತ್ತದೆ. ಎಳೆ ಒಂದಿಷ್ಟೂ ಕೊಂಕಿರಲಿಲ್ಲ. ಎಡಗೈಯಲ್ಲಿ ಎಳೆಯುತ್ತಿದ್ದಳು.

ಇವತ್ತಿಗೂ ಹಾಗೆಯೇ ಎಳೆಯುತ್ತಾಳೆ. ಪಿಸ್ತೂಲಿನ ಹಿಡಿ ಮಾತ್ರ ಅಂದಿನಿಂದ ತಣ್ಣಗಿದೆ.