ಯಾರ ಪೈಕಿ ನೀನು?

ತುರಿದ ಆಲೂಗಡ್ಡೆಯ ರಾಪ್ಯೂರ್ ಮೇಲೆ ಬೆಣ್ಣೆ ಹಚ್ಚಬೇಕೋ, ಕಾಕಂಬಿ ಸುರಿಯಬೇಕೋ ಎಂಬುದು ಸೇಂಟ್ ಮೇರಿ ಕೊಲ್ಲಿಯ ಫ್ರೆಂಚ್ ಮೂಲದ ಅಕೇಡಿಯನ್ನರ ಪಾಲಿಗೆ ಅತ್ಯಂತ ಗಂಭೀರವಾದ ಪ್ರಶ್ನೆ. ಇದರ ಸಲುವಾಗಿ ಮೂರು ನಿಶ್ಚಿತಾರ್ಥಗಳು ಮುರಿದಿವೆ. ಒಬ್ಬ ಪಾದ್ರಿ ವರ್ಗ ಮಾಡಿಸಿಕೊಂಡು ಹೋಗಿದ್ದಾರೆ.

ಹಾಗಾಗಿ ಆಗಸ್ಟ್ ಹದಿನೈದರ ಅಕೇಡಿಯನ್ ನಾಡಹಬ್ಬದ ಊಟದಲ್ಲಿ ಅಪರಿಚಿತನೊಬ್ಬ ಬೆಣ್ಣೆ, ಕಾಕಂಬಿ ಎರಡನ್ನೂ ಹಾಕಿಕೊಂಡಾಗ ಇಡೀ ಸಾಲು ಚಮಚ ಕೆಳಗಿಟ್ಟಿತು.

ಬಡಿಸುತ್ತಿದ್ದ ಲುಡಿವಿನ್ ಸೌಟು ಹಿಡಿದು ಹಾಗೇ ನಿಂತಳು.

"ಎರಡೂನಾ?!"

"ಒಂದು ಪಕ್ಷ ಸೇರಿದ್ರೆ ಇನ್ನೊಂದು ಪಕ್ಷದವರು ಮಾತು ಬಿಡ್ತಾರೆ ಅಂದ್ರು."

"ಈಗ ಎಲ್ರೂ ಬಿಟ್ರು."

"ನೀವು ಮಾತಾಡ್ತಾ ಇದೀರಲ್ಲ..."

ಲುಡಿವಿನ್‌ಗೆ ನಗು ಬಂತು. ಅದನ್ನು ಮುಚ್ಚಿಡಲು ಅವಳು ಸೊಂಟಕ್ಕೆ ಕೈಯಿಟ್ಟು, "ಯಾರ ಪೈಕಿ ನೀವು?" ಎಂದು ಗದರಿದಳು.

ಈ ತೀರದಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಯಾರ ಮಗ, ಯಾರ ಮೊಮ್ಮಗ ಎಂದು ಕೇಳುತ್ತಾರೆ. ಅವಳೇ ಊರಿಗೆಲ್ಲ ಮಾಕ್ಸಿಮನ ಜೋಯೆಲನ ಲುಡಿವಿನ್. ಮನೆತನದ ಹೆಸರನ್ನು ಬ್ಯಾಂಕಿನವರೂ ಪೊಲೀಸರೂ ಮಾತ್ರ ಬಳಸುತ್ತಾರೆ.

"ನಮ್ಮಜ್ಜಿನೂ ಇದನ್ನೇ ಕೇಳೋದು! ಸುಸಾನಜ್ಜಿ ಮೊಮ್ಮಗ ನಾನು, ಆಂಬ್ರೋಸ್ ಗ್ಲೋಡ್. ನದಿ ದಂಡೆ ಮೇಲಿನ ಮಿಕ್‌ಮಾಕ್ ಊರಿನವನು. ನಿಮ್ಮ ಚರ್ಚಿನ ಹಳೇ ರಿಜಿಸ್ಟರ್ ನೋಡ್ಬೇಕಿತ್ತು. ಕೀಲಿ ಲುಡಿವಿನ್ ಅನ್ನೋರ ಹತ್ರ ಇದೆಯಂತೆ. ಭಾರೀ ಜೋರಂತೆ."

"ಜೋರು ಅಂತ ಯಾರು ಹೇಳಿದ್ದು?!"

"ಇನ್ಮೇಲೆ ಯಾರೂ ಹೇಳಬೇಕಾಗಿಲ್ಲ."

ಆ ಚಳಿಗಾಲವೆಲ್ಲ ಇಬ್ಬರೂ ಒಂದೇ ಮೇಜಿನಲ್ಲಿ ಕೂತರು. ಅವನು ತನ್ನ ಊರಿನ ಹಳೆಯ ಮನೆತನಗಳನ್ನು ಹುಡುಕುತ್ತಿದ್ದ. ಮುನ್ನೂರು ವರ್ಷದ ಹಿಂದೆ ಪಾದ್ರಿಗಳು ಈ ನೆಲದ ಮೂಲನಿವಾಸಿಗಳಾದ ಮಿಕ್‌ಮಾಕ್ ಮಕ್ಕಳಿಗೂ ಅಕೇಡಿಯನ್ ಮಕ್ಕಳಿಗೂ ಒಂದೇ ಪುಸ್ತಕದಲ್ಲಿ ಹೆಸರಿಟ್ಟಿದ್ದರು. ವಕ್ರ ಅಕ್ಷರಗಳನ್ನು ಓದಲು ತಲೆಗಳು ಹತ್ತಿರ ಬರಬೇಕಾಗುತ್ತಿತ್ತು. ಕೆಲವು ಪುಟಗಳನ್ನು ಅವರು ಅಗತ್ಯಕ್ಕಿಂತ ಹೆಚ್ಚು ಸಲ ಓದಿದರು.

ಒಂದು ಭಾನುವಾರ ಅವನು ಅವಳನ್ನು ಮನೆಗೆ ಕರೆದೊಯ್ದ. ಸುಸಾನಜ್ಜಿ ಹಾವುಮೀನಿನ ಸಾರು ಬಡಿಸುತ್ತಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಇಂಗ್ಲಿಷ್ ಸೈನಿಕರು ನಿಮ್ಮವರನ್ನ ಈ ನಾಡಿಂದ ಓಡ್ಸೋಕೆ ಹಡಗಿಗೆ ತುಂಬ್ತಿದ್ದಾಗ ನಾವು ಕಾಡಲ್ಲಿ ಬಚ್ಚಿಟ್ವಿ. ಒಂದೇ ಚಳಿಗಾಲ ಅಂದಿದ್ವಿ ಕಣೇ! ಇನ್ನೂ ಎದ್ದು ಹೋಗಿಲ್ಲ ನೋಡು."

"ಸಾರು ಹೀಗಿದ್ರೆ ಯಾರು ಹೋಗ್ತಾರಜ್ಜಿ?"

ಅಜ್ಜಿ ನಕ್ಕು ಇನ್ನೊಂದು ಸೌಟು ಹಾಕಿದಳು.

ಮಾರ್ಚ್‌ನಲ್ಲಿ ಲುಡಿವಿನ್‌ಳ ಚಿಕ್ಕಪ್ಪ ಅಲ್ಸೀದ್ ಒಂದು ಸಂಶೋಧನೆ ಮಾಡಿದರು. ಒಂಬತ್ತು ತಲೆಮಾರು ಹಿಂದಿನ ಅಜ್ಜಿಯೊಬ್ಬಳ ಹೆಸರು ರಿಜಿಸ್ಟರಿನಲ್ಲಿ ಬರೀ 'ಮರೀ' ಎಂದಿತ್ತು. ಮುಂದೆ ಮನೆತನವಿಲ್ಲ! ಅಂದಮೇಲೆ ಅವಳು ಮಿಕ್‌ಮಾಕ್ ಹೆಂಗಸೇ ಸರಿ, ಅಂದಮೇಲೆ ನಾವೂ ಮಿಕ್‌ಮಾಕ್ ಜನವೇ ಸರಿ ಎಂದು ಅವರು ಮೂವತ್ತೊಂದು ಸದಸ್ಯರ ಸಂಘ ಕಟ್ಟಿದರು. ಆ ಜನ ಬಾರಿಸುವಂಥ ಒಂದು ಡೋಲು ಕೊಂಡರು. ಮೀನಿಗೂ ಬೇಟೆಗೂ ಮಿಕ್‌ಮಾಕ್ ಜನರಿಗಿರುವ ಹಕ್ಕು ತಮಗೂ ಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆದರು.

ಅದರ ಪ್ರತಿ ಹಿಡಿದು ಆಂಬ್ರೋಸ್ ಬಂದ. ಅವನ ಮುಖದಲ್ಲಿ ನಗುವಿರಲಿಲ್ಲ.

"ಕೊನೇ ಸಾಲು ಓದು."

ವಂಶಾವಳಿ ಪರಿಶೀಲಿಸಿದವರು: ಲುಡಿವಿನ್...

"ನಾನಲ್ಲ! ಚಿಕ್ಕಪ್ಪ ಕೇಳಿದ್ರು ಅಂತ ರಿಜಿಸ್ಟರಲ್ಲಿ ಮರೀ ಇರೋ ಸಾಲನ್ನ ಓದಿ ಹೇಳಿದ್ದೆ, ಅಷ್ಟೇ..."

"ಹೆಸರು ನಿಂದೇ ಇದೆ. ಮಿಕ್‌ಮಾಕ್ ಅನ್ನೋ ಕಾರಣಕ್ಕೆ ನಮ್ಮಪ್ಪ ಶಾಲೇಲಿ ಏಟು ತಿಂತಿದ್ರು, ಲುಡಿವಿನ್. ಆಗ ನಿಮ್ಮವರ್ಯಾರ ಮನೇಲೂ ಮರೀ ಅಜ್ಜಿ ಇರ್ಲಿಲ್ಲ."

"ಆಂಬ್ರೋಸ್, ನನ್ನ ಮಾತು ಕೇಳು..."

"ಇಡೀ ಚಳಿಗಾಲ ನನ್ನ ಜೊತೆ ಕೂತಿದ್ದು ಇದಕ್ಕೇನಾ?"

ಅವನು ಹೋದ. ಫೋನೂ ಎತ್ತಲಿಲ್ಲ.

ಅಪ್ಪನನ್ನು ಸಮುದ್ರ ನುಂಗಿದ ಮೇಲೆ ನನ್ನನ್ನು ಸಾಕಿದ್ದು ಚಿಕ್ಕಪ್ಪ... ಊರೆದುರು ಅವರನ್ನು ಸುಳ್ಳು ಮಾಡಲೇ? ಮಾಡದಿದ್ದರೆ ಅವನ ಕಣ್ಣಲ್ಲಿ ನಾನೇ ಸುಳ್ಳು! ಎಂದುಕೊಂಡಳು ಲುಡಿವಿನ್.

ಹತ್ತು ನಿಮಿಷ ಅತ್ತಳು. ಮೂಗು ಒರೆಸಿಕೊಂಡು ರಿಜಿಸ್ಟರ್ ತೆಗೆದಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲು ಮೂರು ವಾರ ಹಿಡಿಯಿತು.

ಭಾನುವಾರ ಪೂಜೆ ಮುಗಿದ ಮೇಲೆ ಮಧ್ಯಾಹ್ನ ಸಂಘದ ಸಭೆ. ಅಲ್ಸೀದ್ ಡೋಲಿಗೆ ಕೈಹಾಕುವಷ್ಟರಲ್ಲಿ ಲುಡಿವಿನ್ ಎದ್ದು ನಿಂತಳು.

"ಚಿಕ್ಕಪ್ಪ, ಆ ಪಾದ್ರಿ ಮಿಕ್‌ಮಾಕ್ ಹೆಂಗಸರ ಹೆಸರಿನ ಪಕ್ಕ 'ಈ ನೆಲದವಳು' ಅಂತ ಬರೀತಿದ್ದ. ಹದಿನೇಳು ಕಡೆ ಬರೆದಿದ್ದಾನೆ. ಮರೀ ಪಕ್ಕ ಬರೆದಿಲ್ಲ. ಆ ಪುಟದಲ್ಲಿ ಒಬ್ರಿಗೂ ಮನೆತನ ಬರೆದಿಲ್ಲ. ನಮ್ಮೂರಿನವರ ಥರಾನೇ, ಎಲ್ರಿಗೂ ಗೊತ್ತಲ್ಲ ಅಂತ ಬಿಟ್ಟಿದ್ದಾನೆ. ಸೋಮಾರಿ!"

ಯಾರೋ ಕಿಸಕ್ಕೆಂದರು.

"ಬರೆದಿದ್ರೆ ಏನು ಮಾಡ್ತಿದ್ದೆ?" ಅಲ್ಸೀದ್ ಕೆಂಪಾದರು.

"ಆಗ್ಲೂ ಇದನ್ನೇ ಹೇಳ್ತಿದ್ದೆ. ನಾಳೆ ಯಾರೋ ಬಂದು 'ನಾನು ಮಾಕ್ಸಿಮನ ಪೈಕಿ' ಅಂದ್ರೆ ನೀವು ನಂಬ್ತೀರಾ? ಮಾಕ್ಸಿಮನ ಮನೆಯವರನ್ನ ಕೇಳ್ತೀರ. ನದಿ ದಂಡೆ ಮೇಲಿನ ಊರಿನವರನ್ನ ನೀವು ಕೇಳಿದ್ರಾ? ಅವತ್ತು ಅವರು ನಮ್ಮನ್ನ ಉಳಿಸಿದ್ದು ನಾವು ಅಕೇಡಿಯನ್ನರು ಅಂತ ಗೊತ್ತಿದ್ದೇ. ನಾನು ಅಕೇಡಿಯನ್ನಳು ಚಿಕ್ಕಪ್ಪ, ನನಗೆ ಅಷ್ಟು ಸಾಕು. ನನ್ನ ಹೆಸರು ತೆಗೀರಿ."

ಹಿಂದಿನ ಬೆಂಚಿನಿಂದ ಮುದುಕಿ ಒಝಿಟ್ ಕೈಯೆತ್ತಿದಳು.

"ನಂದೂ ತೆಗಿಯಪ್ಪ ಅಲ್ಸೀದ್. ಸದಸ್ಯರಿಗೆ ಕಾರ್ಡು ಅಂದ್ಯಲ್ಲ, ನಾನು ಬಿಂಗೋ ಕಾರ್ಡು ಅಂದ್ಕೊಂಡಿದ್ದೆ."

ನಗು ತಣ್ಣಗಾದ ಮೇಲೆ ಅಲ್ಸೀದ್ ಅರ್ಜಿಯ ಪ್ರತಿಯನ್ನು ಮಗಳಂಥವಳ ಮುಂದಿಟ್ಟರು. ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಚಾಚಿದರು.

"ನೀನೇ ಹೊಡೆದುಹಾಕು. ನನ್ನ ಕೈಯಲ್ಲಿ ಆಗಲ್ಲ."

ಹೊರಗೆ ಹಿಮ ಕರಗುತ್ತಿತ್ತು. ಮೆಟ್ಟಿಲ ಬಳಿ ಆಂಬ್ರೋಸ್ ನಿಂತಿದ್ದ. ಸಭೆಯಲ್ಲಿ ಆಕ್ಷೇಪಣೆ ಓದಲು ತಂದ ಕಾಗದ ಕೈಯಲ್ಲೇ ಮುದುಡಿತ್ತು.

"ಯಾವಾಗ ಬಂದೆ?"

"'ಸೋಮಾರಿ' ಅನ್ನೋ ಹೊತ್ತಿಗೆ."

"ತಡ ಆಯ್ತು."

"ಮೂರು ವಾರ ತಡ. ನಿನ್ನ ಮಾತು ಕೇಳದೇನೇ ತೀರ್ಮಾನ ಮಾಡ್ಬಿಟ್ಟೆ... ತಪ್ಪಾಯ್ತು, ಲುಡಿವಿನ್. ಈ ಮೂರು ವಾರ ನಿನ್ನ ಬೈಗುಳ ಇಲ್ಲದೆ ನಂಗೆ ಊಟಾನೇ ಸೇರ್ಲಿಲ್ಲ."

ಅವಳ ಕಣ್ಣು ತುಂಬಿತು. ದನಿ ಮಾತ್ರ ಅಲುಗಲಿಲ್ಲ.

"ಹಾಗಾದ್ರೆ ನನ್ನ ಮದುವೆಯಾಗು. ದಿನಾ ಬೈತೀನಿ."

"ಇದನ್ನ ನಾನು ಕೇಳಬೇಕಿತ್ತು!"

"ನೀನು ಇನ್ನೂ ಮೂರು ವಾರ ತಗೋತೀಯ. ನಾನು ನನ್ನ ಹಾಗೇ ಇರ್ತೀನಿ, ನೀನು ನಿನ್ನ ಹಾಗೇ ಇರು."

"ನಡುವೆ?"

"ನಡುವೆ ಇಪ್ಪತ್ತು ನಿಮಿಷದ ದಾರಿ ಇದೆ. ಅಲ್ಲೇ ಎಲ್ಲಾದ್ರೂ ಮನೆ ಕಟ್ಟೋಣ."

ಅವನು ಅವಳ ತಣ್ಣಗಿನ ಕೈಯನ್ನು ತನ್ನ ಕೋಟಿನ ಜೇಬಿಗೆ ಸೇರಿಸಿಕೊಂಡ.

"ಹೂಂ" ಎಂದ.

ಜೂನ್‌ನಲ್ಲಿ ಅವರ ಮದುವೆಯಾಯಿತು.